ಕರೆಂಟು ಬಂದಾಗ ಮಾತಾಡುವ ಮೇಷ್ಟ್ರು

ಏಪ್ರಿಲ್ ಒಂಬತ್ತು, ಬುಧವಾರ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಇಲೇಶಾ ಪೇಟೆ ಠಾಣೆಯ ದಿನಚರಿಯಲ್ಲಿ ಸಾರ್ಜೆಂಟ್ ಜಿಮೊ ಒಂದು ಸಾಲು ಬರೆದ: ‘ಕಾಣೆಯಾದ ತನ್ನ ತಂದೆ ಮೆಷಿನ್ನಿನೊಳಗಿಂದ ಮಾತಾಡುತ್ತಿದ್ದಾರೆಂದು ಯುವತಿಯೊಬ್ಬಳ ದೂರು.’ ಬರೆದದ್ದನ್ನು ತಾನೇ ಎರಡು ಸಲ ಓದಿಕೊಂಡು ಒಳಗಿನ ಕೋಣೆಯಲ್ಲಿದ್ದ ಸಾಹೇಬರತ್ತ ಕತ್ತು ಚಾಚಿದ.

“ಓಗಾ, ಇದನ್ನ ನಾವು ಬರ್ಕೊಳ್ಳೋದಾ, ಇಲ್ಲಾ ಚರ್ಚಿಗೆ ಕಳಿಸಿಬಿಡೋದಾ?”

ಇನ್‌ಸ್ಪೆಕ್ಟರ್ ಲಸಿಸಿಗೆ ದೆವ್ವದ ದೂರುಗಳೆಂದರೆ ಮೈಯೆಲ್ಲ ಉರಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಂಥವು ಹದಿನಾರು ಬಂದಿದ್ದವು. ಹದಿನಾರರಲ್ಲೂ ದೆವ್ವಕ್ಕೆ ಎರಡು ಕಾಲು, ಎರಡು ಕೈ ಇದ್ದವು. ಆದರೂ ಹುಡುಗಿಯನ್ನು ಒಳಗೆ ಕರೆಸಿದ.

“ಹೆಸರು?”

“ಮೊರೆನಿಕೆ ಅಕಿನ್ಬೋಡೆ. ಇಬಾದಾನ್‌ನಲ್ಲಿ ಔಷಧಿ ಅಂಗಡೀಲಿ ಕೆಲಸ.”

“ತಂದೆ?”

“ಅಕಿನ್ಬೋಡೆ ಮೇಷ್ಟ್ರು. ಇದೇ ಠಾಣೇಲಿ ಮಾರ್ಚ್ ಆರಕ್ಕೆ ಕಾಣೆ ಅಂತ ಬರೆಸಿದ್ದೆ ಸಾರ್. ಮರೆತುಬಿಟ್ರಾ?”

ಲಸಿಸಿ ಮರೆತಿರಲಿಲ್ಲ. ಅರವತ್ತೇಳು ವರ್ಷದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಮಾರ್ಚ್ ಮೂರರ ಸೋಮವಾರ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಮನೆಗೆ ಬೀಗ ಹಾಕಿ ಹೋದವರು ತಿರುಗಿ ಬಂದಿರಲಿಲ್ಲ. ಫೋನು ಬಸ್ ನಿಲ್ದಾಣದ ಹತ್ತಿರ ಆರಿಹೋಗಿತ್ತು. ಅಪಹರಣವೆನ್ನಲು ದುಡ್ಡು ಕೇಳಿ ಯಾರೂ ಕರೆ ಮಾಡಿರಲಿಲ್ಲ. ಕಡತ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅದಕ್ಕೆ ಅವನಿಗೆ ಒಳಗೊಳಗೇ ನಾಚಿಕೆಯೂ ಇತ್ತು.

“ಮೆಷಿನ್ನಿನ ವಿಷಯ ಹೇಳಮ್ಮಾ. ನಿಧಾನಕ್ಕೆ.”

ಮೊರೆನಿಕೆ ಲ್ಯಾಪ್‌ಟಾಪ್ ತೆರೆದಳು. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದ್ದ ಕಾನ್‌ಸ್ಟೆಬಲ್ ಬೊಸೆಡೆ ಕೇಳದೆಯೇ ಬಂದು ಪಕ್ಕದಲ್ಲಿ ನಿಂತಳು.

“ಬಿಟ್‌ಕಾಯಿನ್ ಅನ್ನೋ ಕಂಪ್ಯೂಟರ್ ದುಡ್ಡಿನ ಲೆಕ್ಕದ ಪುಸ್ತಕ ಒಂದು ಬ್ಯಾಂಕಲ್ಲಿ ಇರಲ್ಲ ಸಾರ್,” ಎಂದಳು ಮೊರೆನಿಕೆ. “ ಸಾವಿರಾರು ಜನ ಮನೆಮನೇಲಿ ಒಂದೊಂದು ಪ್ರತಿ ಇಟ್ಕೊಂಡು, ಬರೆದದ್ದು ನಿಜವಾ ಅಂತ ತಾಳೆ ನೋಡ್ತಾರೆ. ಆ ಮೆಷಿನ್ನಿಗೆ ನೋಡ್ ಅಂತಾರೆ. ಅಪ್ಪನ ಹತ್ರ ಒಂದು, ನನ್ನ ಹತ್ರ ಒಂದು. ‘ಯಾರ ಮಾತನ್ನೂ ನಂಬಬೇಡ, ನೀನೇ ನೋಡು’ ಅಂತಿದ್ರು.”

“ಯಾರ ಮನೇಲಿದೆ ಅಂತ ಗೊತ್ತಾದ್ರೆ?”

“ದುಡ್ಡಿದೆ ಅಂತ ಕಳ್ಳರು ನುಗ್ತಾರೆ. ಅದಕ್ಕೇ ಟಾರ್ ಅನ್ನೋ ಗುಪ್ತ ಜಾಲದೊಳಗೆ ನಡೆಸ್ತಿದ್ರು. ಅಲ್ಲಿ ಮನೆ ನಂಬರು, ಊರು ಏನೂ ಕಾಣಲ್ಲ. ಒಂದು ಉದ್ದದ ವಿಳಾಸ ಅಷ್ಟೆ. ಈರುಳ್ಳಿ ವಿಳಾಸ ಅಂತಾರೆ.”

“ಸುಲೀತಾ ಹೋದ್ರೆ ಕೊನೆಗೆ ಏನೂ ಸಿಗಲ್ಲ, ಕಣ್ಣೀರು ಒಂದು ಬರತ್ತೆ,” ಎಂದ ಜಿಮೊ ಬಾಗಿಲಲ್ಲಿ ನಿಂತು. ಯಾರೂ ನಗಲಿಲ್ಲ.

ಒಂದೊಂದು ನೋಡ್ ಇನ್ನೊಂದನ್ನು ಮುಟ್ಟಿದಾಗ ತನ್ನ ಹೆಸರಿನ ಜೊತೆ ಪುಟ್ಟದೊಂದು ಸಾಲನ್ನೂ ಹೇಳಿಕೊಳ್ಳಬಹುದು. ಮೇಷ್ಟ್ರು ಆ ಸಾಲನ್ನು ಆಗಾಗ ಬದಲಿಸಿ ಮಗಳಿಗೆ ಮಾತು ಕಳಿಸುತ್ತಿದ್ದರು. ಫೋನಿದ್ದರೂ ಇದು ಅಪ್ಪ ಮಗಳ ಆಟ. ಮೆಷಿನ್ನು ಬ್ರೆಡ್ಡಿನಷ್ಟು ದೊಡ್ಡ ಪೆಟ್ಟಿಗೆ. ಅವರ ಜೊತೆಗೇ ಮಾಯವಾಗಿತ್ತು. ಮಾರ್ಚ್ ಇಪ್ಪತ್ತೆರಡರ ಮಧ್ಯಾಹ್ನ ಆ ವಿಳಾಸ ಇದ್ದಕ್ಕಿದ್ದಂತೆ ಜೀವ ಪಡೆಯಿತು. ಸಾಲು ಇಷ್ಟೇ: ಅಳಬೇಡಿ.

“ಬೇರೆ ಯಾರಾದ್ರೂ ಅದೇ ವಿಳಾಸ ಹಾಕ್ಕೊಂಡಿದ್ರೆ?”

“ಆಗಲ್ಲ ಓಗಾ,” ಎಂದಳು ಬೊಸೆಡೆ. “ಅದರ ಕೀಲಿ ಆ ಪೆಟ್ಟಿಗೆಯೊಳಗೇ ಇರತ್ತೆ. ಪೆಟ್ಟಿಗೆ ಇದ್ದೋರೇ ಮಾತಾಡಬೇಕು.”

“ಅಪ್ಪನೇ ಇರಬೇಕು ಸಾರ್,” ಎಂದಳು ಮೊರೆನಿಕೆ. “ಯಾರೋ ಕೂಡಿಹಾಕಿದಾರೆ. ಹುಡುಕಿಕೊಡಿ.” ಅಳು ಬಂದಿರಲಿಲ್ಲ. ಹದಿನೆಂಟು ದಿನದಿಂದ ಆ ಸಾಲಿನ ಮಾತನ್ನು ಅವಳು ಪಾಲಿಸುತ್ತಿದ್ದಳು.

ಅವಳು ಒಂದು ನೋಟ್‌ಬುಕ್ ಕೊಟ್ಟಳು. ವಿಳಾಸ ಯಾವಾಗ ಎದ್ದಿತು, ಯಾವಾಗ ಆರಿತು, ಎಲ್ಲ ಗಂಟೆ ನಿಮಿಷದ ಸಮೇತ ಇತ್ತು. ಮೇಷ್ಟ್ರ ಮನೆಯಲ್ಲಿ ಬಿಸಿಲಿನ ಬ್ಯಾಟರಿ ಇದ್ದು ಮೆಷಿನ್ನು ವರ್ಷಗಟ್ಟಲೆ ಕಣ್ಣು ಮುಚ್ಚಿರಲಿಲ್ಲ. ಈಗ ದಿನಕ್ಕೆ ನಾಲ್ಕು ಗಂಟೆ, ಒಮ್ಮೊಮ್ಮೆ ಒಂದೇ ಗಂಟೆ ಏಳುತ್ತಿತ್ತು. ಹೊತ್ತು ಗೊತ್ತಿಲ್ಲ.

ಆ ಪುಟಗಳನ್ನು ಲಸಿಸಿ ಸಂಜೆವರೆಗೂ ತಿರುವಿದ. ಹೀಗೆ ಬಂದು ಹೀಗೆ ಹೋಗುವುದು ಈ ಊರಿನಲ್ಲಿ ಒಂದೇ ಒಂದು.

ಹತ್ತನೇ ತಾರೀಕು, ಗುರುವಾರ. ಠಾಣೆಯ ಲೈನಿಗೆ ಕರೆಂಟಿರಲಿಲ್ಲ. ಹಿತ್ತಲಲ್ಲಿ ಜನರೇಟರು ಗುಡುಗುತ್ತಿತ್ತು. ಲಸಿಸಿ, ಬೊಸೆಡೆ, ಮೊರೆನಿಕೆ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಮೇಷ್ಟ್ರ ವಿಳಾಸ ಸತ್ತು ಬಿದ್ದಿತ್ತು. ಜಿಮೊ ಅಕಾರಾ ವಡೆ ತಂದು ಹಂಚಿ, ಕೈಗಂಟಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಲಸಿಸಿ ಏನನ್ನೋ ಕೇಳಿಸಿಕೊಂಡು ಹಿತ್ತಲಿನತ್ತ ಕೈ ಬೀಸಿ ಜನರೇಟರು ನಿಲ್ಲಿಸಲು ಹೇಳಿದ.

ಗುಡ್ಡದ ಆಚೆಯಿಂದ ಕೂಗು ಬರುತ್ತಿತ್ತು. ನೂರಾರು ಮನೆಗಳ ಹೆಂಗಸರು, ಮಕ್ಕಳು ಒಟ್ಟಿಗೆ ಹೋ ಎನ್ನುತ್ತಿದ್ದರು. ಅಲ್ಲಿ ಕರೆಂಟು ಬಂದಿತ್ತು.

ಮೂವರೂ ಪರದೆ ನೋಡಿದರು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಕೂಗು ತಣ್ಣಗಾಯಿತು. ಆಮೇಲೆ, ಮಲಗಿದ್ದವರು ಮೆಲ್ಲಗೆ ಎದ್ದು ಕೂತ ಹಾಗೆ, ವಿಳಾಸ ಎದ್ದಿತು. ಸಾಲು ಬದಲಾಗಿತ್ತು: ಒಬ್ಬರೇ ಇದ್ದೀರಿ, ಊಟ ಬಿಡಬೇಡಿ.

ಮೊರೆನಿಕೆ ಬೆರಳಿನಿಂದ ಆ ಸಾಲನ್ನು ಮುಟ್ಟಿದಳು. “ಅಪ್ಪಾ,” ಎಂದಳು, ಪರದೆಗೆ. ಬೊಸೆಡೆ ಎದ್ದು ಹೊರಗೆ ಹೋದಳು.

ಅಂದೇ ವಿದ್ಯುತ್ ಕಚೇರಿಯಿಂದ ರಿಜಿಸ್ಟರು ತರಿಸಿದರು. ನೋಟ್‌ಬುಕ್ಕಿನ ಹೊತ್ತಿಗೂ ಗುಡ್ಡದಾಚೆಯ ಲೈನಿನ ಹೊತ್ತಿಗೂ ಎರಡು ಮೂರು ನಿಮಿಷ ಮಾತ್ರ ವ್ಯತ್ಯಾಸ, ಒಂದು ದಿನವೂ ತಪ್ಪದೆ. ಏಳು ಸುತ್ತಿನ ಗುಟ್ಟಿನೊಳಗೆ ಅಡಗಿದ್ದ ಮೆಷಿನ್ನಿಗೆ ಊರಿನ ಕರೆಂಟಿನಿಂದ ಅಡಗಲು ಆಗಿರಲಿಲ್ಲ. ಆ ಲೈನಿನಲ್ಲಿ ಒಂಬೈನೂರ ನಲವತ್ತು ಮನೆ. ಶುಕ್ರವಾರ ಬೆಳಿಗ್ಗೆ ಜಿಮೊ ಇಬ್ಬರು ಕಾನ್‌ಸ್ಟೆಬಲ್‌ಗಳ ಜೊತೆ ಮೇಷ್ಟ್ರ ಫೋಟೊ ಹಿಡಿದು ಬಾಗಿಲು ತಟ್ಟುತ್ತಾ ಹೊರಟ.

ಶುಕ್ರವಾರದ ನಮಾಜು ಮುಗಿಸಿ ಲಸಿಸಿ ಊಟಕ್ಕೆ ಮನೆಗೆ ಬಂದ. ತಂಗಿ ಬಿಲಿಕಿಸು ಬಂದಿದ್ದಳು, ವಯಸ್ಸು ಇಪ್ಪತ್ತನಾಲ್ಕು. ಹೆಂಡತಿ ಸಿದಿಕಾಗೆ ನಲವತ್ತು. ಸಿದಿಕಾ ನಾದಿನಿಗೆ ಅಮಲಾ ಮುದ್ದೆ ಬಡಿಸುತ್ತಾ, “ಇನ್ನೊಂದು ತುಂಡು ಮೀನು ಹಾಕ್ಲಾ? ನೀವು ಹೀಗೆ ಕೋಳಿ ಹಾಗೆ ಕುಕ್ಕಿದ್ರೆ ಗಾಳಿಗೆ ಹಾರಿ ಹೋಗ್ತೀರಿ,” ಎಂದಳು.

“ಅತ್ತಿಗೆ, ನಿಮ್ಮ ಗಂಡನಿಗೆ ಹಾಕಿ. ಹೊಟ್ಟೆ ಆಗಲೇ ಬೆಲ್ಟು ದಾಟಿದೆ.”

ಲಸಿಸಿಯ ಕೈ ಬಟ್ಟಲಲ್ಲೇ ನಿಂತಿತು. ಹದಿನೆಂಟು ವರ್ಷದಿಂದ ದಿನಾ ಕೇಳಿದ ಮಾತು. ಮನೆಗೆ ಬಂದ ಸೊಸೆ, ತಾನು ಬರುವ ಮುಂಚೆ ಆ ಮನೆಯಲ್ಲಿ ಹುಟ್ಟಿದವರನ್ನು, ಎಷ್ಟೇ ಚಿಕ್ಕವರಿದ್ದರೂ, ಏಕವಚನದಲ್ಲಿ ಕರೆಯುವಂತಿಲ್ಲ. ಸಿದಿಕಾ ಬಂದಾಗ ಬಿಲಿಕಿಸುಗೆ ಆರು ವರ್ಷ. ಮೂಗು ಒರೆಸುವಾಗಲೂ ‘ನೀವು’ ಎಂದೇ ಒರೆಸಿದ್ದಳು.

‘ಅಳಬೇಡಿ’ ಎನ್ನುವುದನ್ನು ಹತ್ತು ಜನಕ್ಕೆ ಹೇಳಬಹುದು. ‘ಒಬ್ಬರೇ ಇದ್ದೀರಿ’ ಎನ್ನುವುದನ್ನು ಒಬ್ಬರಿಗೇ ಹೇಳಬೇಕು. ಯಾವ ಅಪ್ಪ ಮಗಳಿಗೆ ಹಾಗೆ ಹೇಳುತ್ತಾನೆ? ಅವನು ಕೈಯನ್ನೂ ತೊಳೆಯದೆ ಎಡಗೈಯಲ್ಲಿ, ಹಿಂದಿನ ರಾತ್ರಿ ಇಬಾದಾನ್‌ಗೆ ಮರಳಿದ್ದ ಮೊರೆನಿಕೆಗೆ ಫೋನು ಮಾಡಿದ.

“ಮೊರೆನಿಕೆ, ನಿನಗಿಂತ ದೊಡ್ಡೋರು ಯಾರು ನಿನ್ನ ‘ನೀವು’ ಅಂತಾರೆ?”

ಆ ಕಡೆ ಔಷಧಿ ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದಾಯಿತು.

“ಫೆಹಿಂಟೊಲಾ. ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಹೋಗಿ ಐದು ವರ್ಷ ಆಯ್ತು.”

“ನಿನಗೆ ಮೊದಲೇ ಹೊಳೀಲಿಲ್ವಾ?”

“ಹೊಳೀತು ಸಾರ್. ನೋಡಬಾರದು ಅಂದ್ಕೊಂಡೆ. ನೋಡಿದ್ರೆ ಅಪ್ಪ ಇಲ್ಲ ಅಂತ ಆಗ್ತಿತ್ತಲ್ಲ.”

“ಆಕೆ ಮನೆ ಎಲ್ಲಿ?”

“ಗುಡ್ಡದಾಚೆ. ಕಪ್ಪು ಸಾಬೂನು ಮಾಡ್ತಾಳೆ.”

ಜಿಮೊ ಸಂಜೆ ಬಂದು ವರದಿ ಕೊಟ್ಟ. ಇನ್ನೂರ ಹದಿಮೂರು ಮನೆ ಮುಗಿದಿತ್ತು. ಫೆಹಿಂಟೊಲಾಳ ಬಾಗಿಲನ್ನೂ ತಟ್ಟಿದ್ದ. ಫೋಟೊ ನೋಡಿ, “ನಮ್ಮ ಭಾವನವರು,” ಎಂದಷ್ಟೇ ಹೇಳಿ, ಕುಡಿಯಲು ತಣ್ಣೀರು ಕೊಟ್ಟು ಕಳಿಸಿದ್ದಳು. “ಒಳ್ಳೆ ಹೆಂಗಸು ಓಗಾ. ನನ್ನ ಬೂಟಿನ ಮಣ್ಣು ನೋಡಿ ಒಂದು ಉಂಡೆ ಸಾಬೂನೂ ಕೊಟ್ಲು.”

ಹನ್ನೆರಡನೇ ತಾರೀಕು, ಶನಿವಾರ, ಬೆಳಿಗ್ಗೆ ಏಳೂ ನಲವತ್ತು. ಶೋಧನಾ ಆದೇಶ ಜೇಬಿನಲ್ಲಿತ್ತು, ಜೀಪು ಗುಡ್ಡ ಹತ್ತುತ್ತಿತ್ತು. ಆಗ ಮೊರೆನಿಕೆಯ ಫೋನು ಬಂತು. ದನಿ ಗುರುತೇ ಸಿಗುವಂತಿರಲಿಲ್ಲ.

“ಸಾರ್, ತಪ್ಪಾಯ್ತು ಸಾರ್. ಅಪ್ಪ ಇದಾರೆ! ಈಗ ಎದ್ದಿತು. ‘ಅಜೋಕೆ, ನಾಳೆ ಬರ್ತೀನಿ, ಕಾಯ್ತಾ ಇರು’ ಅಂತ ಬಂದಿದೆ. ಅಜೋಕೆ ಅಂತ ನನ್ನ ಕರೆಯೋದು ಅಪ್ಪ ಒಬ್ರೇ. ಮುದ್ದಿನ ಹೆಸರದು, ಸೊಸೆಯ ಬಾಯಲ್ಲಿ ಬರೋದೇ ಇಲ್ಲ!”

ಲಸಿಸಿ ಜೀಪು ನಿಲ್ಲಿಸಿದ. ತಾನು ಕಟ್ಟಿದ ಲೆಕ್ಕವೆಲ್ಲ ಒಂದು ‘ಇರು’ವಿನಲ್ಲಿ ಕುಸಿದಿತ್ತು. ಕುಸಿದರೆ ಕುಸಿಯಲಿ, ಮುದುಕ ಬದುಕಿರಲಿ ಎಂದು ಅವನು ಮನಸಾರೆ ಬೇಡಿಕೊಂಡ. ಆದರೆ ಅದು ಮಾರ್ಚ್ ಮೂರರಿಂದ ನಲವತ್ತನೆಯ ದಿನ ಎಂದೂ ನೆನಪಾಯಿತು. ನಲವತ್ತನೆಯ ದಿನದ ಪ್ರಾರ್ಥನೆ ಸತ್ತವರಿಗೆ ಎಂದು ಅವನ ಮನೆಯಲ್ಲಿ ಮಕ್ಕಳಿಗೂ ಗೊತ್ತು.

ಫೆಹಿಂಟೊಲಾ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಳು. ಮೂವತ್ತೆಂಟರ ಹೆಂಗಸು, ತೊಳೆದ ಬಟ್ಟೆ, ತಲೆಗೆ ಬಿಗಿದ ವಸ್ತ್ರ. ಒಳಗೆ ಮೇಜಿನ ಮೇಲೆ ಬ್ರೆಡ್ಡಿನಷ್ಟು ಪೆಟ್ಟಿಗೆ. ಅದರ ಸಣ್ಣ ಫ್ಯಾನು ತಿರುಗುತ್ತಿತ್ತು. ಅದರ ಮುಂದೆ ಒಂದು ಕುರ್ಚಿ, ಕುರ್ಚಿಯ ಮೇಲೆ ಮಡಿಸಿಟ್ಟ ಗಂಡಸಿನ ಟೋಪಿ, ಕನ್ನಡಕ.

“ಮೇಷ್ಟ್ರು ಎಲ್ಲಿ?” ಎಂದ ಲಸಿಸಿ.

“ಬಾವಿ ಹತ್ರ, ಸಾರ್. ಸಾಬೂನಿನ ಬೂದಿ ಹಾಕಿದೀನಲ್ಲ, ಅದರ ಕೆಳಗೆ.”

ಒಂಬತ್ತೂ ಐದಕ್ಕೆ ಅಗೆಯಲು ಶುರುಮಾಡಿದರು. ನೆರೆಯ ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಬರೆದರು. ಹತ್ತೂ ಇಪ್ಪತ್ತಕ್ಕೆ ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ ಶವ ಸಿಕ್ಕಿತು. ಜಿಮೊ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಬೊಸೆಡೆ ಪೆಟ್ಟಿಗೆಯ ವೈರು ಕಿತ್ತು, ಅರಕು ಹಾಕಿ ಸೀಲು ಮಾಡಿದಳು. ಮೊರೆನಿಕೆಗೆ ಫೋನು ಮಾಡುವುದನ್ನು ಲಸಿಸಿ ಯಾರಿಗೂ ವಹಿಸಲಿಲ್ಲ. ಆ ಕಡೆಯಿಂದ ಬಂದ ಸದ್ದನ್ನು ಅವನು ಇನ್ನೆಂದೂ ಮರೆಯುವುದಿಲ್ಲ.

ಹೇಳಿಕೆ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಯಿತು.

“ಏನಾಯ್ತು?”

“ಮಾರನೇ ದಿನ ಇಬಾದಾನ್‌ಗೆ ಹೋಗೋರಿದ್ರು, ಮಗಳ ಮೆಷಿನ್ನಿನ ಪಕ್ಕ ಇದನ್ನಿಟ್ಟು ತಾಳೆ ನೋಡೋಕೆ. ಮೊದಲು ನನ್ನ ಬಾವಿ ಪಂಪು ಸರಿಮಾಡಿ ರಾತ್ರಿ ನಮ್ಮನೇಲೇ ಉಳಿಯೋಣ ಅಂತ ಬಂದ್ರು. ಕರೆಂಟಿರಲಿಲ್ಲ, ವೈರು ಬಿಚ್ಚಿದ್ರು. ನಾನು ಸ್ವಿಚ್ಚು ಆರಿಸೋದು ಮರೆತಿದ್ದೆ. ಆಚೆ ಮಕ್ಕಳು ಹೋ ಅಂತ ಕೂಗಿದ್ದು ಕೇಳಿಸ್ತು. ಓಡಿ ಬರೋವಷ್ಟರಲ್ಲಿ ಆಗಿಹೋಗಿತ್ತು.”

“ಡಾಕ್ಟರನ್ನ ಯಾಕೆ ಕರೀಲಿಲ್ಲ?”

“ಡಾಕ್ಟರು ಬಂದ್ರೆ ಸತ್ತಿದಾರೆ ಅಂತಿದ್ರು ಸಾರ್.” ಅವಳು ಕೈಗಳನ್ನೇ ನೋಡಿಕೊಂಡಳು. “ನನ್ನ ಗಂಡ ಜ್ವರ ಬಂದು ಹೋದಾಗ ಆ ಮನೆಯೋರೆಲ್ಲ ನಾನೇ ಗಂಡನ್ನ ತಿಂದ್ಕೊಂಡೆ ಅಂದ್ರು. ಹೊರಗೆ ಹಾಕಿದ್ರು. ಭಾವ ಒಬ್ರೇ ನನ್ನ ಕೈಯಿಂದ ನೀರು ಕುಡೀತಿದ್ದೋರು. ಅದೇ ಕೈಯಲ್ಲಿ ಅವರೂ ಹೋದ್ರು ಅಂದ್ರೆ, ನಾನು ಏನಾಗ್ತೀನಿ? ನನಗೇ ನನ್ನ ಮೇಲೆ ಅನುಮಾನ ಬಂತು.”

“ಫೋನು?”

“ಬಸ್ ನಿಲ್ದಾಣದಲ್ಲಿ ಎಸೆದೆ. ಎಲ್ಲಿಗೋ ಹೋದ್ರು ಅನ್ನಲಿ ಅಂತ.”

“ಮೆಷಿನ್ನು?”

“ಆ ಹುಡುಗಿ ಊಟ ನೀರು ಬಿಟ್ಟಿದಾರೆ ಅಂತ ಸಂತೇಲಿ ಕೇಳಿದೆ. ನಡೆಸೋದು ಭಾವ ನನಗೂ ಹೇಳಿಕೊಟ್ಟಿದ್ರು. ಒಂದು ಸಾಲು ಹಾಕಿದೆ. ಆಮೇಲೆ ಕರೆಂಟು ಬಂದಾಗೆಲ್ಲ ಫ್ಯಾನು ತಿರುಗೋದು ಕೇಳ್ತಿತ್ತಲ್ಲ, ಭಾವ ಎದ್ರು ಅನ್ನಿಸೋದು. ಕುರ್ಚಿ ಹಾಕಿದೆ. ಮಾತಾಡ್ತಿದ್ದೆ.”

ಬೊಸೆಡೆಯ ಪೆನ್ನು ನಿಂತಿತ್ತು. ಲಸಿಸಿ ಕೆಮ್ಮಿದ, ಅವಳು ಮತ್ತೆ ಬರೆಯತೊಡಗಿದಳು.

“ಇವತ್ತು ಬೆಳಿಗ್ಗೆಯದು? ‘ನಾಳೆ ಬರ್ತೀನಿ’ ಅಂತ ಬರೆದದ್ದು?”

“ಅದು ನಾನು ಬರೆದದ್ದಲ್ಲ ಸಾರ್. ಅವರನ್ನ ನಾನು ‘ಇರು’ ಅಂತೀನಾ? ಭಾವನೇ ಬರೆದದ್ದು, ಮಾರ್ಚ್ ಮೂರಕ್ಕೆ. ನಮ್ಮನೇಲಿ ಹಚ್ಚಿದಾಗ ಹೋಗಲಿ ಅಂತ ಬರೆದಿಟ್ಟು ಪೆಟ್ಟಿಗೆ ಆರಿಸಿ ಚೀಲಕ್ಕೆ ಹಾಕಿದ್ರು. ಮೊದಲ ದಿನವೇ ನೋಡಿದೆ. ಅದನ್ನ ಹೇಗೆ ಕಳಿಸಲಿ? ಆ ಹುಡುಗಿ ಬಸ್ ನಿಲ್ದಾಣದಲ್ಲಿ ಹೋಗಿ ನಿಲ್ತಿದ್ರು. ಅದನ್ನ ಮುಚ್ಚಿಟ್ಟು ನನ್ನದು ಹಾಕಿದೆ.”

“ಈಗ ಯಾಕೆ ಬಿಟ್ಟೆ?”

“ನಿನ್ನೆ ಸಾರ್ಜೆಂಟರು ಬಾಗಿಲು ತಟ್ಟಿದ್ರಲ್ಲ. ಇನ್ನು ನೀವು ಬರ್ತೀರಿ, ಅವರನ್ನ ಮೇಲೆತ್ತಿ ಮಗಳ ಹತ್ರ ಕಳಿಸ್ತೀರಿ ಅಂತ ಗೊತ್ತಾಯ್ತು. ಇನ್ನು ಆ ಮಾತು ಸುಳ್ಳಲ್ಲ ಅನ್ನಿಸ್ತು.”

ಎರಡೂ ಹತ್ತಕ್ಕೆ ಫೆಹಿಂಟೊಲಾಳನ್ನು ಬಂಧಿಸಲಾಯಿತು. ಆರೋಪ: ಸಾವನ್ನು ಮುಚ್ಚಿಟ್ಟದ್ದು, ಗುಟ್ಟಾಗಿ ಶವ ಹೂತದ್ದು. ಬೊಸೆಡೆ ಪೆಟ್ಟಿಗೆಯ ಕಡತ ತೆರೆದು ನೋಡಿದಾಗ ಆ ಸಾಲಿನ ಮುಂದೆ ಮಾರ್ಚ್ ಮೂರು, ಬೆಳಿಗ್ಗೆ ಏಳೂ ಐವತ್ತು ಎಂದಿತ್ತು. ಮೇಷ್ಟ್ರ ಬೆರಳು ಕೊನೆಯ ಸಲ ಕೀಲಿಮಣೆ ಮುಟ್ಟಿದ ಹೊತ್ತು ಅದು.

ಶವಪರೀಕ್ಷೆ ಇಬಾದಾನ್‌ನ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕಿತ್ತು. ಹದಿಮೂರನೇ ತಾರೀಕು, ಭಾನುವಾರ, ಬೆಳಿಗ್ಗೆ ಆರಕ್ಕೆ ಆಂಬುಲೆನ್ಸ್ ಹೊರಟಿತು. ಮುಂದಿನ ಸೀಟಿನಲ್ಲಿ ಲಸಿಸಿ. ಒಂಬತ್ತರ ಹೊತ್ತಿಗೆ ಗಾಡಿ ಆಸ್ಪತ್ರೆಯ ಗೇಟು ದಾಟಿದಾಗ ಮೊರೆನಿಕೆ ಮೆಟ್ಟಿಲ ಮೇಲೆ ಕೂತಿದ್ದಳು. ನಿನ್ನೆ ಸಂಜೆಯಿಂದ ಅಲ್ಲೇ ಕೂತಿದ್ದಾಳೆ, ಒಳಗೆ ಕರೆದರೂ ಬರಲಿಲ್ಲ ಎಂದು ಕಾವಲುಗಾರ ಹೇಳಿದ.

“ಕಾಯ್ತಾ ಇರು ಅಂದಿದ್ರಲ್ಲ ಸಾರ್,” ಎಂದು ಅವಳು ಎದ್ದು ನಿಂತಳು.