ಎಲ್ಲಿಂದ ಹತ್ತಿರ?

ಕಪಾಟಿನ ಬೀಗ ಹಾಕಿದಂತೆಯೇ ಇತ್ತು. ಗಾಜು ಒಡೆದಿರಲಿಲ್ಲ, ಬಾಗಿಲ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ನಮ್ಮ ಗಿರಾಕಿ ವಕೀಲಮ್ಮ ರಿಪೇರಿಗೆ ಕೊಟ್ಟಿದ್ದ ಕ್ಯಾಮೆರಾ ಇರಬೇಕಾದ ಜಾಗದಲ್ಲಿ ಅದಕ್ಕೆ ಸುತ್ತಿದ್ದ ಹಳದಿ ಬಟ್ಟೆ ಮಾತ್ರ ಬಿದ್ದಿತ್ತು.

ಬಟ್ಟೆಯನ್ನು ಎತ್ತಿ ನೋಡಿದೆ. ಕೆಳಗಿನ ಅರೆಗಳನ್ನೂ ತಡಕಾಡಿದೆ. ಇಲ್ಲ. ಅದು ವಕೀಲಮ್ಮನ ತಂದೆಯ ಕ್ಯಾಮೆರಾ, ಹುಡುಕಿದರೂ ಸಿಗದಂಥದ್ದು. ಸಂಜೆ ಅಂಗಡಿ ಮುಚ್ಚುವ ಮೊದಲು ಬಂದು ತೆಗೆದುಕೊಂಡು ಹೋಗುವೆನೆಂದು ಆಕೆ ಹೇಳಿದ್ದರು. ಕಳೆದುಹೋಯಿತು ಎಂದರೆ ಪೊಲೀಸ್ ದೂರು ಖಂಡಿತ. ಆ ದೂರಿನಲ್ಲಿ ಯಾರ ಹೆಸರು ಬರೆಸಬೇಕು ಎಂಬುದೂ ನನಗೆ ಆ ಕ್ಷಣ ಹೊಳೆದುಬಿಟ್ಟಿತ್ತು.

ನನ್ನದು ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಅಂಗಡಿ. ಅದರಲ್ಲಿ ಇರುವವರು ಮೂವರೇ. ಕೌಂಟರಿನಲ್ಲಿ ದೊಡ್ಡಣ್ಣ, ನನ್ನ ಅಪ್ಪನ ಕಾಲದಿಂದ ಇದ್ದವರು. ಒಳಗಿನ ಮೇಜಿನಲ್ಲಿ ಸೂಜಿ. ಕೂದಲೆಳೆಯಷ್ಟು ದೋಷವಿದ್ದರೂ ಹುಡುಕಿ ತೆಗೆಯುವ ಹುಡುಗಿಯಾದ್ದರಿಂದ ಆ ಹೆಸರು. ಮೂರನೆಯವನು ಯಜಮಾನ ಅನ್ನಿಸಿಕೊಂಡ ನಾನು. ಕಪಾಟಿಗೆ ಎರಡು ಕೀ. ಒಂದು ನನ್ನ ಜೇಬಿನಲ್ಲಿರುತ್ತದೆ. ಇನ್ನೊಂದನ್ನು ಈಚೆಗೆ ಸೂಜಿಗೆ ಕೊಟ್ಟಿದ್ದೆ.

ಅಂದರೆ? ಇನ್ನೇನು ಯೋಚಿಸಬೇಕು? ನಾನು ಗಿರಾಕಿಗಳ ಎದುರಿಗೇ ಕೈ ಚಾಚಿ ಅವಳ ಕೀ ಕೇಳಿ ಇಸಿದುಕೊಂಡೆ. ಅವಳು ಗೊಂಚಲಿನಿಂದ ಅದನ್ನು ಬಿಡಿಸಿ ಕೊಟ್ಟಳು. ಮುಖ ಸುಣ್ಣ ಬಳಿದಂತಾಗಿತ್ತು. ಕಳ್ಳಿ ಅನ್ನಿಸಿಕೊಂಡವಳ ಕೈಗೆ ಇನ್ನೊಬ್ಬರ ಕ್ಯಾಮೆರಾವನ್ನು ಯಾವ ಅಂಗಡಿಯವನೂ ಕೊಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ದೊಡ್ಡಣ್ಣ ನನ್ನನ್ನು ಮೂಲೆಗೆ ಕರೆದು ಪಿಸುದನಿಯಲ್ಲಿ ಒಂದು ವಿಷಯ ಹೇಳಿದರು. ನಿನ್ನೆ ಮಧ್ಯಾಹ್ನ ನಾನು ಬ್ಯಾಂಕಿಗೆ ಹೋಗಿದ್ದಾಗ, ಸೂಜಿ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಕ್ಯಾಮೆರಾ ಕೊಳ್ಳುವವರನ್ನು ಹುಡುಕುತ್ತಿದ್ದಳಂತೆ. ಅವರು ಬೆನ್ನ ಹಿಂದೆ ಬಂದದ್ದೇ ತಡ, ಪರದೆ ಮುಚ್ಚಿದಳಂತೆ.

ಇದನ್ನು ಪರೀಕ್ಷಿಸೋಣವೆಂದರೆ ದಾರಿ ಇರಲಿಲ್ಲ. ಅದಕ್ಕೆ ಕಾರಣ ನನ್ನ ಬೋಳು ತಲೆ.

ಹಿಂದೊಮ್ಮೆ ಕೂದಲುದುರುವುದಕ್ಕೆ ಯಾವ ಎಣ್ಣೆ ಒಳ್ಳೆಯದೆಂದು ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದ್ದೆ. ಅಂದಿನಿಂದ ಪರದೆಯ ತುಂಬ ಬೋಳು ತಲೆಗಳ ಜಾಹೀರಾತು. ವಕೀಲಮ್ಮನಿಗೆ ಒಂದು ಬಿಡಿಭಾಗದ ಚಿತ್ರ ತೋರಿಸಲು ಹೋದರೆ ಪಕ್ಕದಲ್ಲೇ ಎಣ್ಣೆಗೆ ಮುಂಚಿನ ತಲೆ, ಎಣ್ಣೆಯ ನಂತರದ ತಲೆ. ಆಕೆ ಪರದೆ ನೋಡಿದರು, ನನ್ನ ತಲೆ ನೋಡಿದರು, ನಗು ನುಂಗಿಕೊಂಡರು. ಮನೆಗೆ ಬಂದು ಗೋಳು ತೋಡಿಕೊಂಡಾಗ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೇರೊಂದು ಸರ್ಚ್ ಎಂಜಿನ್ ಹಾಕಿಕೊಳ್ಳಲು ಹೇಳಿದರು. ಅದು ಕೇಳಿದವರು ಯಾರು, ಎಲ್ಲಿಯವರು, ನಿನ್ನೆ ಏನು ಕೇಳಿದ್ದರು ಎಂಬ ಯಾವ ಗೊಡವೆಗೂ ಹೋಗುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಮರೆತುಬಿಡುತ್ತದೆ.

ಸೋಮವಾರ ಹಾಕಿಕೊಂಡೆ. ಮುಚ್ಚಿದೊಡನೆ ಹುಡುಕಿದ್ದೆಲ್ಲ ಅಳಿಸಿಹೋಗುವಂತೆ ಬ್ರೌಸರನ್ನೂ ಹೊಂದಿಸಿದೆ. ಬೋಳು ತಲೆಗಳು ಮಾಯವಾದವು. ಮೊದಮೊದಲು ಸ್ವಲ್ಪ ಪೇಚಾಟವೂ ಆಯಿತು. ತಲೆನೋವಿಗೆ ಮಾತ್ರೆ ಬೇಕೆಂದು ‘ಹತ್ತಿರದ ಔಷಧಿ ಅಂಗಡಿ’ ಎಂದು ಕೇಳಿದರೆ ಹಡಗು ಹತ್ತಿ ಹೋಗಬೇಕಾದ ಊರಿನ ಅಂಗಡಿಯನ್ನು ತೋರಿಸಿತು. ತಲೆನೋವು ಇನ್ನಷ್ಟು ಹೆಚ್ಚಿತು. ಸೂಜಿ ಮಾತ್ರ ಎರಡೇ ದಿನದಲ್ಲಿ ಅದಕ್ಕೆ ಒಗ್ಗಿಕೊಂಡಳು. ದೊಡ್ಡಣ್ಣ ಅದರ ತಂಟೆಗೇ ಹೋಗಲಿಲ್ಲ. ಅವರಿಗೆ ಕಂಪ್ಯೂಟರ್ ಎಂದರೆ ಬಿಲ್ ಮಾಡುವ ಯಂತ್ರ, ಮಿಕ್ಕಿದ್ದಕ್ಕೆಲ್ಲ ಅವರ ಫೋನೇ ಸಾಕು.

ಈಗ ಸೂಜಿ ನಿನ್ನೆ ಏನು ಹುಡುಕಿದಳೆಂದು ಹೇಳಬೇಕಾದ ಕಂಪ್ಯೂಟರ್ ಬಾಯಿ ಹೊಲಿದುಕೊಂಡು ಕೂತಿತ್ತು.

ನಾನು ಹೆಂಡತಿಗೆ ಫೋನ್ ಮಾಡಿ ಹೇಳಿಕೊಂಡದ್ದಷ್ಟೇ. ಮಧ್ಯಾಹ್ನದ ಹೊತ್ತಿಗೆ ಅತ್ತೆಯೇ ಬಂದಿಳಿದರು. ನಮ್ಮ ಅಂಗಡಿಯ ಸ್ಟೂಲುಗಳನ್ನು ನಂಬದೆ ತಮ್ಮದೇ ದಿಂಬು ಹಿಡಿದುಕೊಂಡು ಬಂದಿದ್ದರು. ಅತ್ತೆ ದೊಡ್ಡ ಗ್ರಂಥಾಲಯವೊಂದರ ವಿಚಾರಣೆಯ ಮೇಜಿನಲ್ಲಿ ಇಡೀ ಸೇವೆ ಮುಗಿಸಿದವರು. ಜನ ಏನು ಕೇಳುತ್ತಾರೆ, ಅದರ ಹಿಂದೆ ನಿಜವಾಗಿ ಏನು ಬೇಕಾಗಿರುತ್ತದೆ ಎಂಬುದನ್ನು ನೋಡಿ ನೋಡಿ ಪಳಗಿದವರು. ಅವರ ಎದುರು ನಾನು ಸುಳ್ಳು ಹೇಳುವುದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದೇನೆ.

ಬಂದವರೇ ಕಪಾಟು ನೋಡಿದರು, ಬೀಗ ನೋಡಿದರು. ಆಮೇಲೆ ನೇರವಾಗಿ ಸೂಜಿಯ ಮೇಜಿಗೆ ಹೋಗಿ ಅವಳ ಬರಿಗೈಗಳನ್ನು ನೋಡಿದರು.

“ಕೈಗೆ ಏನೂ ಹಾಕ್ಕೊಳ್ಳಲ್ವಾ, ಮಗಳೇ?”

“ಹಾಕ್ಕೊಳ್ತೀನಮ್ಮ. ಕೆಲಸಕ್ಕೆ ಕೂರುವಾಗ ತೆಗೆದಿಡ್ತೀನಿ. ಬಳೆ, ಉಂಗುರ ತಾಕಿದ್ರೆ ಲೆನ್ಸಿಗೆ ಗೀರು ಬೀಳತ್ತೆ.”

“ಎಲ್ಲಿ ಇಡ್ತೀಯ?”

ಸೂಜಿ ಕೌಂಟರಿನ ತುದಿಯಲ್ಲಿದ್ದ ಪಿಂಗಾಣಿ ಬಟ್ಟಲನ್ನು ತೋರಿಸಿದಳು. ಅದು ನಮ್ಮ ಅಂಗಡಿಯ ರೂಢಿ. ಲೆನ್ಸ್ ಮುಟ್ಟುವವರು ಮೈಮೇಲಿನ ಲೋಹವನ್ನೆಲ್ಲ ಆ ಬಟ್ಟಲಿಗೆ ಹಾಕಿಯೇ ಕೂರಬೇಕು. ಅಪ್ಪ ಮಾಡಿದ ನಿಯಮ, ಯಾರೂ ಮೀರುವುದಿಲ್ಲ.

“ಕೀಗೊಂಚಲು?”

“ಅದೂ ಅಲ್ಲೇ ಇರತ್ತೆ.”

ನಾನು ಬಾಯಿ ತೆರೆದೆ. ಅತ್ತೆ ಕೈಸನ್ನೆ ಮಾಡಿ ಸುಮ್ಮನಿರಿಸಿದರು. ಎರಡನೆಯ ಕೀ ಇಡೀ ದಿನ ಕೌಂಟರಿನ ಮೇಲೆ ಬಿದ್ದಿರುತ್ತದೆ. ನಿತ್ಯ ನೋಡುತ್ತಿದ್ದ ಬಟ್ಟಲು ಬೆಳಗ್ಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಾಗಾದರೆ ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಗಿರಾಕಿ? ಅಂಚೆಯವನು? ಪಕ್ಕದ ಅಂಗಡಿಯವನು?

ಅತ್ತೆ ದಿಂಬು ಹಾಕಿಕೊಂಡು ಕೌಂಟರಿನ ಎದುರು ಕುಳಿತರು. ದೊಡ್ಡಣ್ಣನವರು ನೋಡಿದ್ದನ್ನು ಅವರ ಬಾಯಿಂದಲೇ ಕೇಳಬೇಕು ಎಂದರು. ಸೂಜಿಯೂ ಅಲ್ಲೇ ನಿಂತಿರಲಿ ಎಂದರು. ದೊಡ್ಡಣ್ಣ ಮೊದಲು ಹಿಂಜರಿದರು. ಹುಡುಗಿಯ ಮೇಲೆ ಗೂಬೆ ಕೂರಿಸುವ ಆಸೆ ತಮಗಿಲ್ಲ, ಯಜಮಾನರ ಉಪ್ಪು ತಿಂದ ಋಣಕ್ಕೆ ಬಾಯಿ ಬಿಡಬೇಕಾಯಿತು ಎಂದರು. ಆಮೇಲೆ ಸರಾಗವಾಗಿ ಹೇಳಿದರು.

“ಯಾವ ಕಂಪ್ಯೂಟರಲ್ಲಿ ನೋಡಿದ್ರಿ?” ಅತ್ತೆ ಕೇಳಿದರು.

“ಇದೇ ಅಮ್ಮ, ಅಂಗಡೀದು. ಇನ್ನೊಂದು ಎಲ್ಲಿದೆ?”

“ಅವಳ ಫೋನಲ್ಲಿ ಅಲ್ಲ?”

“ಅಲ್ಲಲ್ಲ. ಇದರಲ್ಲೇ. ಸಾರ್ ಹೊಸದಾಗಿ ಹಾಕಿದ್ರಲ್ಲ, ಆ ಹಸಿರು ಅಂಚಿನ ಪುಟ. ಏನು ಹುಡುಕಿದ್ರೂ ಗುರುತೇ ಉಳಿಯಲ್ವಲ್ಲ? ಅದಕ್ಕೇ ಧೈರ್ಯ ಬಂದಿರತ್ತೆ.”

“ಏನಂತ ಬರೆದಿದ್ಲು? ಆದಷ್ಟು ಹಾಗೇ ಹೇಳಿ.”

“ಹಳೆ ಕ್ಯಾಮೆರಾ ಕೊಳ್ಳುವವರು ಹತ್ತಿರ – ಅಂತ.”

“ಊರಿನ ಹೆಸರು ಬರೆದಿದ್ಲಾ? ಬೀದಿ ಹೆಸರು?”

“ಇಲ್ಲ. ಅಷ್ಟೇ ಇತ್ತು.”

“ಮೇಲೆ ಏನು ಬಂದಿತ್ತು, ನೆನಪಿದೆಯಾ?”

“ಹಿಂದಿನ ಬೀದಿಯ ಹಳೆ ಸಾಮಾನಿನ ಅಂಗಡಿ. ಪಕ್ಕದಲ್ಲಿ ನಕ್ಷೆ, ನಡೆದು ಹೋಗೋಕೆ ಎಷ್ಟು ಹೊತ್ತು ಬೇಕು ಅನ್ನೋದೂ ಇತ್ತು. ನನ್ನ ಕಣ್ಣಾರೆ ನೋಡಿದೀನಿ.”

“ಸುಳ್ಳು,” ಎಂದಳು ಸೂಜಿ. ಬೆಳಗ್ಗಿನಿಂದ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ನಾನು ಅತ್ತೆಯ ಮುಖ ನೋಡಿದೆ. ಅವರು ತೃಪ್ತಿಯಿಂದ ದಿಂಬನ್ನು ಸರಿಪಡಿಸಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು. ಒಬ್ಬರು ನೋಡಿದೆ ಅನ್ನುತ್ತಾರೆ, ಇನ್ನೊಬ್ಬರು ಸುಳ್ಳು ಅನ್ನುತ್ತಾರೆ. ಕಂಪ್ಯೂಟರಿಗೆ ನೆನಪಿಲ್ಲ. ಮರೆಯುವ ಯಂತ್ರವನ್ನು ತಂದುಕೊಂಡು ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ ಎಂದು ಗೊಣಗಿದೆ.

“ಅಳಿಯಂದ್ರೇ, ಅದು ಮರೆತಿದ್ದೇ ಒಳ್ಳೇದಾಯ್ತು,” ಎಂದರು ಅತ್ತೆ. “ಈಗ ನೀವೇ ಅದರಲ್ಲಿ ಬರೀರಿ. ದೊಡ್ಡಣ್ಣನವರು ಹೇಳಿದ ಹಾಗೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ದೆ.”

ನಾನು ಬರೆದೆ. ಉತ್ತರಗಳು ಬಂದವು. ಹಳೆಯ ಕ್ಯಾಮೆರಾಗಳ ಬೆಲೆ ಕಟ್ಟುವುದು ಹೇಗೆ ಎಂಬ ಲೇಖನ. ಯಾವುದೋ ದೇಶದ ಸಂಗ್ರಾಹಕರ ಸಂಘ. ಹೆಸರು ಓದಲು ನಾಲಿಗೆ ಹೊರಳದ ಊರಿನ ಒಂದು ಅಂಗಡಿ. ನಾನು ಕೆಳಗೆ, ಇನ್ನೂ ಕೆಳಗೆ ಹೋದೆ. ಹಿಂದಿನ ಬೀದಿ ಎಲ್ಲೂ ಇರಲಿಲ್ಲ. ನಕ್ಷೆಯೂ ಇರಲಿಲ್ಲ.

“ನಿನ್ನೆ ಬೇರೆ ಬಂದಿತ್ತು,” ಎಂದರು ದೊಡ್ಡಣ್ಣ. “ದಿನಾ ಬದಲಾಗತ್ತಲ್ಲ ಅದು?”

“ಬದಲಾಗಬಹುದು,” ಅತ್ತೆ ಒಪ್ಪಿಕೊಂಡರು. “ಆದ್ರೆ ಹತ್ತಿರ ಅಂದ್ರೆ ಎಲ್ಲಿಂದ ಹತ್ತಿರ, ದೊಡ್ಡಣ್ಣನವರೇ? ಕೇಳ್ತಿರೋರು ಎಲ್ಲಿ ನಿಂತಿದಾರೆ ಅಂತ ಗೊತ್ತಿದ್ರೆ ತಾನೇ ಹಿಂದಿನ ಬೀದಿ ತೋರಿಸೋದು? ನಾವು ಎಲ್ಲಿದೀವಿ ಅಂತ ಇದಕ್ಕೆ ಇವತ್ತೂ ಗೊತ್ತಿಲ್ಲ, ನಿನ್ನೆಯೂ ಗೊತ್ತಿರಲಿಲ್ಲ. ಅದನ್ನ ಕೇಳಲ್ಲ ಅಂತಾನೇ ನಾನು ಇದನ್ನ ಹಾಕಿಸಿದ್ದು. ಸೂಜಿ ಬರೆದ್ರೂ ಅಷ್ಟೇ, ನಾನು ಬರೆದ್ರೂ ಅಷ್ಟೇ.”

ಔಷಧಿ ಅಂಗಡಿಗೆ ಹಡಗು ಹತ್ತಬೇಕಾಗಿದ್ದು ನನಗೆ ಆಗ ಜ್ಞಾಪಕಕ್ಕೆ ಬಂತು. ಉತ್ತರ ಸೋಮವಾರದಿಂದ ನನ್ನ ಮೂಗಿನ ಕೆಳಗೇ ಇತ್ತು. ನಾನು ಮಾತ್ರೆ ನುಂಗಿ ಸುಮ್ಮನಾಗಿದ್ದೆ.

ದೊಡ್ಡಣ್ಣ ಕೌಂಟರಿನ ಮೇಲಿದ್ದ ತಮ್ಮ ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಅತ್ತೆ ಅದನ್ನೂ ನೋಡಿದರು.

“ಅದು ನಿಮ್ಮ ಹತ್ರಾನೇ ಇರಲಿ. ಇನ್ನೊಬ್ಬರು ಹುಡುಕಿದ್ದನ್ನ ತೆಗೆದು ನೋಡೋ ಅಭ್ಯಾಸ ನನಗಿಲ್ಲ. ಆದ್ರೆ ಆ ನಕ್ಷೆ, ನಡಿಗೆ ಹೊತ್ತು ಎಲ್ಲ ನೀವು ನೋಡಿದ್ದು ನಿಜ. ಇಲ್ದೇ ಇದ್ರೆ ಅಷ್ಟು ಚೆನ್ನಾಗಿ ಹೇಳೋಕಾಗ್ತಿರಲಿಲ್ಲ. ನೋಡಿದ್ದು ಈ ಪರದೇಲಿ ಅಲ್ಲ, ನೀವು ಹೋದಲ್ಲೆಲ್ಲ ಜೊತೆಗೆ ಬರೋ ನಿಮ್ಮ ಫೋನಿನ ಪರದೇಲಿ. ಹುಡುಕಿದ್ದು ನೀವೇ. ಹುಡುಗಿ ತಲೆಗೆ ಕಟ್ಟೋಕೆ ಒಂದು ಪರದೆ ಬೇಕಾದಾಗ ನಿಮ್ಮದನ್ನೇ ತಂದು ಇದಕ್ಕೆ ಅಂಟಿಸಿದ್ರಿ. ಇದು ಎಲ್ಲ ಮರೆಯತ್ತೆ, ಸಿಕ್ಕಿಬೀಳಲ್ಲ ಅಂದ್ಕೊಂಡ್ರಿ. ಇದು ಏನನ್ನ ತೋರಿಸೋದೇ ಇಲ್ಲ ಅನ್ನೋದು ನಿಮಗೆ ಗೊತ್ತಿರಲಿಲ್ಲ, ಯಾಕಂದ್ರೆ ಒಂದು ದಿನವೂ ನೀವು ಇದನ್ನ ಬಳಸಿಲ್ಲ.”

ದೊಡ್ಡಣ್ಣ ನನ್ನ ಕಡೆ ತಿರುಗಿದರು. “ಸಾರ್, ಇವರು ಏನೇನೋ–”

“ನಾನು ಹೇಳಿದ್ದು ತಪ್ಪಿದ್ರೆ ಈಗಲೇ ಗೊತ್ತಾಗತ್ತೆ,” ಎನ್ನುತ್ತ ಅತ್ತೆ ದಿಂಬು ಎತ್ತಿಕೊಂಡು ಎದ್ದರು. “ಬನ್ನಿ, ಎಲ್ಲರೂ ಹಿಂದಿನ ಬೀದಿಗೆ ಹೋಗಿಬರೋಣ. ಕ್ಯಾಮೆರಾ ತಂದವರು ಯಾರು ಅಂತ ಆ ಅಂಗಡಿಯವನೇ ಹೇಳಲಿ.”

ಸೂಜಿ ಎಲ್ಲರಿಗಿಂತ ಮೊದಲು ಬಾಗಿಲಿಗೆ ಹೋದಳು. ನಾನು ಅವಳ ಹಿಂದೆ ಹೊರಟೆ. ದೊಡ್ಡಣ್ಣ ಕದಲಲಿಲ್ಲ. ಎರಡೂ ಕೈಯನ್ನು ಕೌಂಟರಿನ ಮೇಲೆ ಊರಿ ನಿಂತೇ ಇದ್ದರು. ಆಮೇಲೆ ಅಲ್ಲೇ ಕುಸಿದು ಕುಳಿತರು.

ಉಳಿದದ್ದನ್ನು ಅವರೇ ಹೇಳಿದರು. ನಾನು ಬ್ಯಾಂಕಿಗೆ ಹೋಗಿದ್ದೆ, ಸೂಜಿ ತಲೆ ತಗ್ಗಿಸಿ ಕೆಲಸದಲ್ಲಿ ಮುಳುಗಿದ್ದಳು. ಬಟ್ಟಲಿನಿಂದ ಕೀ ತೆಗೆದು, ಕಪಾಟು ತೆರೆದು, ಮತ್ತೆ ಬೀಗ ಹಾಕಿ ಕೀಯನ್ನು ಬಟ್ಟಲಿಗೇ ಹಾಕಿದ್ದರು. ಕ್ಯಾಮೆರಾ ಹಿಂದಿನ ಬೀದಿಯ ಅಂಗಡಿಯಲ್ಲೇ ಇತ್ತು. ಅಂಗಡಿಯವನು ಇನ್ನೂ ಕೊಂಡಿರಲಿಲ್ಲ, ನೋಡಿ ಹೇಳುತ್ತೇನೆ ಎಂದು ಇಟ್ಟುಕೊಂಡಿದ್ದ.

“ದುಡ್ಡಿಗಲ್ಲ ಸಾರ್,” ಎಂದರು. “ನಿಮ್ಮಪ್ಪನ ಕಾಲದಿಂದ ಈ ಕಪಾಟಿನ ಮುಂದೆ ನಿಂತಿದೀನಿ. ಎರಡನೇ ಕೀ ನನಗೆ ಬರಬೇಕಿತ್ತು. ಮೊನ್ನೆ ಮೊನ್ನೆ ಬಂದ ಹುಡುಗಿಗೆ ಕೊಟ್ರಿ. ನನ್ನನ್ನ ಒಂದು ಮಾತೂ ಕೇಳಲಿಲ್ಲ.”

ನನಗೆ ಅವರ ಮೇಲೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಆದರೆ ಸೂಜಿಯ ಮುಖ ನೋಡಿದಾಗ ಅಯ್ಯೋ ಅನ್ನುವುದು ನಿಂತುಹೋಯಿತು. ಕ್ಯಾಮೆರಾ ತಂದುಕೊಟ್ಟು ಮನೆಗೆ ಹೋಗಿ, ನಾಳೆಯಿಂದ ಬರಬೇಡಿ ಎಂದೆ. ದೊಡ್ಡಣ್ಣ ತಲೆಯಾಡಿಸಿದರು. ಅತ್ತೆ ಅವರ ಜೊತೆಗೇ ಹಿಂದಿನ ಬೀದಿಗೆ ಹೋಗಿ, ಕ್ಯಾಮೆರಾವನ್ನು ದಿಂಬಿನ ಗವಸಿನೊಳಗೆ ಇಟ್ಟುಕೊಂಡು ಬಂದರು.

ಸೂಜಿ ಅದನ್ನು ಮೇಜಿನ ಮೇಲಿಟ್ಟು ಶಟರ್, ಲೆನ್ಸ್, ಫಿಲ್ಮ್ ಹಾಕುವ ಹಿಂಬಾಗಿಲು ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿದಳು. ಏನೂ ಆಗಿರಲಿಲ್ಲ. ಅವಳು ಹಳದಿ ಬಟ್ಟೆ ಸುತ್ತಿಕೊಟ್ಟ ಮೇಲೆ ಅದನ್ನು ಕಪಾಟಿನಲ್ಲಿಟ್ಟು ನನ್ನ ಕೀಯಿಂದ ಬೀಗ ಹಾಕಿದೆ. ನಾನು ಪಕ್ಕಕ್ಕೆ ಹೋಗಿ, ತಪ್ಪಾಯಿತು ಎಂದು ಮೆಲ್ಲಗೆ ಹೇಳಿ ಅವಳ ಕೀಯನ್ನು ಚಾಚಿದೆ. ಅವಳು ಕೈ ನೀಡಲಿಲ್ಲ.

“ಈಗ ಬೇಡ ಸಾರ್. ವಕೀಲಮ್ಮ ಬರ್ತಾರಲ್ಲ, ಆಗ ಕೊಡಿ.”

“ಆಗ ಯಾಕೆ?”

“ಬೆಳಗ್ಗೆ ಎಲ್ಲರ ಎದುರಿಗೆ ಇಸ್ಕೊಂಡ್ರಿ. ಎಲ್ಲರ ಎದುರಿಗೇ ಕೊಡಿ.”

ಅತ್ತೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ನಾನು ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

ಸಂಜೆ ವಕೀಲಮ್ಮ ಬಂದಾಗ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಬೆಳಗ್ಗೆ ಇದ್ದವರಲ್ಲಿ ಇಬ್ಬರು, ಏನಾಯಿತು ಎಂಬ ಕುತೂಹಲಕ್ಕೇ ಇರಬೇಕು, ಮತ್ತೆ ಬಂದಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಈ ಕ್ಯಾಮೆರಾಕ್ಕೆ ಜೀವ ಕೊಟ್ಟವಳು ಈ ಹುಡುಗಿ, ಬೆಳಗ್ಗೆ ನಾನು ವಿಚಾರಿಸದೆ ಇವಳನ್ನು ಕಳ್ಳಿ ಎಂದುಕೊಂಡೆ, ತಪ್ಪು ನನ್ನದು – ಇಷ್ಟನ್ನೂ ಎಲ್ಲರಿಗೂ ಕೇಳುವಂತೆ ಹೇಳಿ ಕೀಯನ್ನು ಸೂಜಿಯ ಅಂಗೈಯಲ್ಲಿಟ್ಟೆ.

ಅವಳು ಆ ಕೀಯಿಂದ ಕಪಾಟು ತೆರೆದು, ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ತನ್ನ ಕೈಯಾರೆ ವಕೀಲಮ್ಮನಿಗೆ ಕೊಟ್ಟಳು.