ತಳದ ಬಣ್ಣ

ಸಾತ್ವಿಕಾ ಸತ್ತಾಗ ಪೊಲೀಸರು ಬರೆದ ಪಂಚನಾಮೆಯಲ್ಲಿ ಹನ್ನೊಂದು ಸಾಲುಗಳಿದ್ದವು. ಹುಡುಗಿಯ ವಯಸ್ಸು ಹದಿನಾರು. ಈಜುಕೊಳದ ಉದ್ದ ಅರವತ್ತು ಅಡಿ, ಆಳ ಮೂರರಿಂದ ಒಂಬತ್ತು. ಕಾವಲಿಗೆ ಒಬ್ಬನಿದ್ದ, ಆಳದ ಕಡೆ ಹೋಗದಂತೆ ಅಡ್ಡಕ್ಕೆ ಹಗ್ಗ ಕಟ್ಟಿತ್ತು, ಹುಡುಗಿ ತಾನಾಗಿ ಹಗ್ಗ ದಾಟಿ ಹೋದಳು. ಕೊಳದ ತಳದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ತಳ ಹೇಗಿತ್ತು ಎಂಬುದು ತಾಯಿ ವಸುಮತಿಗೆ ಗೊತ್ತಿತ್ತು. ಕಾಶಿಯ ಅಸ್ಸಿ ಘಾಟಿನ ಹಿಂಬದಿಯ ಆ ಹೋಟೆಲಿನ ಕೊಳಕ್ಕೆ ಕೊಳವೆಬಾವಿಯ ನೀರು. ನೀರಿನೊಳಗಿನ ಕಬ್ಬಿಣ ವರ್ಷವರ್ಷವೂ ಬಿಳಿ ಗಾರೆಗೆ ಇಳಿದು, ತಳವೆಲ್ಲ ಕಾಫಿ ಚೆಲ್ಲಿದ ಹಾಗೆ ಕಂದಾಗಿತ್ತು. ಮೂಲೆಗಳಲ್ಲಿ ಪಾಚಿ ಕಪ್ಪಗೆ ಬೇರು ಬಿಟ್ಟಿತ್ತು. ೨೦೦೨ರ ಮೇ ತಿಂಗಳ ಆ ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಆಳದ ತುದಿಯಲ್ಲಿ ನಿಂತು ನೀರಿನೊಳಗೆ ನೋಡಿದ್ದಳು. ನೇರವಾಗಿ ನೋಡಿದ್ದಳು. ಕೆಳಗೆ ಕಂಡದ್ದನ್ನು ಇನ್ನೊಂದು ಕಲೆ ಅಂದುಕೊಂಡು, ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಹೋಗಿ, "ಸಾತೂ, ಎಷ್ಟು ಹೊತ್ತೇ? ಆಟೋದವನು ಗೊಣಗ್ತಿದಾನೆ" ಎಂದು ಬಾಗಿಲು ತಟ್ಟಿದ್ದಳು. ಎರಡು ಸಲ ತಟ್ಟಿದ್ದಳು, ಖಾಲಿ ಕೋಣೆಯ ಬಾಗಿಲನ್ನು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಗಂಡ ಚಿದಾನಂದನಿಗೂ ಹೇಳಿರಲಿಲ್ಲ. ಅವನು ಕಾಗದಪತ್ರಗಳಿಗೆಲ್ಲ ಸಹಿ ಹಾಕಿ ಬಂದು, "ಯಾರ ತಪ್ಪೂ ಅಲ್ಲ ವಸು" ಎಂದಿದ್ದ. ಆಮೇಲೆ ಆ ಮನೆಯಲ್ಲಿ ಮಗಳ ಹೆಸರು ಕೇಳಿಸಲಿಲ್ಲ. ವಿಶ್ವನಾಥ ಗಲ್ಲಿಯಲ್ಲಿ ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುವ ರಾಮಚಂದ್ರಾಚಾರ್ಯರ ಹೆಂಡತಿ ನಾಗಮಣಿ, ದುಃಖ ಕೇಳಲು ಬಂದವರು, "ಕಾಶಿಯಲ್ಲಿ ಹೋದ್ಲು ಕಣೇ, ಪುಣ್ಯವಂತೆ" ಎಂದರು. ವಸುಮತಿ ಅವರಿಗೆ ಕಾಫಿ ಮಾಡಿ ಕೊಟ್ಟಳು.

ತಪ್ಪು ಯಾರದೆಂದು ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಕೊಳಗಳಿಗೆ ಕ್ಲೋರಿನ್ ಮಾರುವ ಅಂಗಡಿಯವನು ಮಾತಿನ ಮಧ್ಯೆ ಅಂದ: ಆ ತಳವನ್ನು ಕೆತ್ತಿ ಹೊಸ ಗಾರೆ ಮಾಡಿಸು ಎಂದು ಹೋಟೆಲಿನ ಮಾಲೀಕ ಲಲ್ಲನ್ ಸಾಹನಿಗೆ ಮೂರು ಸಲ ಹೇಳಿದ್ದನಂತೆ. "ನೀರು ಶುದ್ಧವಾಗಿದೆಯಲ್ಲ ಭಾಯಿ, ತಳವನ್ನು ಯಾರು ನೋಡುತ್ತಾರೆ?" ಎಂದು ಸಾಹನಿ ನಕ್ಕಿದ್ದನಂತೆ.

ಆ ಮಾತು ಅವಳೊಳಗೆ ಕೂತಿತು.

ಹದಿನೆಂಟು ವರ್ಷ ಅಡುಗೆಮನೆಯಲ್ಲಿ ಮರೆತುಹೋಗಿದ್ದ ಎಂ.ಎಸ್ಸಿ. ರಸಾಯನಶಾಸ್ತ್ರವನ್ನು ಅವಳು ಹೊರಗೆ ತೆಗೆದಳು. ಕಬ್ಬಿಣದ ಕಲೆಯನ್ನು ವಿಟಮಿನ್ ಸಿ ತೆಗೆಯುತ್ತದೆ ಎಂದು ಓದಿ, ಮಗಳಿಗೆಂದು ತಂದಿಟ್ಟ ಮಾತ್ರೆಗಳಲ್ಲಿ ಒಂದನ್ನು ಒದ್ದೆ ಮಾಡಿ ಬಚ್ಚಲಿನ ಕಂದು ಕಲೆಯ ಮೇಲಿಟ್ಟಳು. ಅರೆ ನಿಮಿಷಕ್ಕೆ ಕಲೆ ಮಾಯವಾಗಿ ರೂಪಾಯಿಯಗಲ ಬಿಳುಪು ಮೂಡಿತು. ಅಷ್ಟು ಸುಲಭವಿತ್ತು. ಅವಳು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಮಧ್ಯಾಹ್ನವಿಡೀ ಅತ್ತಳು.

ಭೇಲೂಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕೆಲಸ ಶುರುಮಾಡಿದಳು. ಕಲೆ ಹಿಡಿದ ಕೊಳ ಖಾಲಿ ಮಾಡಿಸಿ, ಆಸಿಡ್ಡಿನಿಂದ ತೊಳೆಸಿ, ಸಡಿಲವಾದ ಗಾರೆಯನ್ನು ಉಳಿಯಿಂದ ಕೆತ್ತಿಸಿ, ಬಿಳಿ ಸಿಮೆಂಟಿಗೆ ಅಮೃತಶಿಲೆಯ ಪುಡಿ ಬೆರೆಸಿ ಹೊಸ ಹೊದಿಕೆ ಹಾಕಿಸುವುದು. ಮೂರು ವರ್ಷಗಳಲ್ಲಿ ಊರಿನ ಐದು ಕೊಳಗಳು, ಒಂದು ಆಸ್ಪತ್ರೆಯ ಬಿಸಿನೀರ ತೊಟ್ಟಿ ಅವಳ ಕೈಯಲ್ಲಿ ಬೆಳ್ಳಗಾದವು. ಹೋಟೆಲಿನವರು ಅವಳನ್ನು ಗೌರವದಿಂದ, ಸ್ವಲ್ಪ ಭಯದಿಂದ ಕಂಡರು. ಮಗಳನ್ನು ನುಂಗಿದ ನೀರಿನ ಮೇಲೇ ಸಿಟ್ಟಿಲ್ಲದ ಹೆಂಗಸು. ಸಾಹನಿ ಎದುರಾದರೆ ಕೈ ಮುಗಿಯುತ್ತಿದ್ದಳು. ಕ್ಷಮಿಸಿದವಳು ಎಂಬ ಹೆಸರು ತಾನಾಗಿ ಬಂತು, ಅವಳು ಬೇಡವೆನ್ನಲಿಲ್ಲ.

೨೦೦೬ರ ಏಪ್ರಿಲ್‌ನಲ್ಲಿ ಸಾಹನಿ ತಾನೇ ಅವಳ ಕೋಣೆಗೆ ಬಂದ. ಅಸ್ಸಿಯ ದೋಣಿಯವನ ಮಗ. ಹುಟ್ಟು ಹಾಕಿ ಬೆಳೆದ ಭುಜ ಅರವತ್ತಕ್ಕೂ ಇಳಿದಿರಲಿಲ್ಲ.

"ನೀವೇ ಮಾಡಿಕೊಡಬೇಕು ಬೆಹೆನ್‌ಜಿ. ಊರ ಕೊಳಗಳೆಲ್ಲ ಬೆಳ್ಳಗಾದವು, ನನ್ನದೊಂದು ಉಳಿದಿದೆ. ಬೇರೆಯವರ ಕೈ ಅಲ್ಲಿ ಬೀಳಬಾರದು. ತಡವಾಯಿತು. ಗೊತ್ತು" ಎಂದ.

ವಸುಮತಿ ಅವನ ಕುತ್ತಿಗೆ ನೋಡುತ್ತಿದ್ದಳು. ಗಿಡ್ಡ, ದಪ್ಪ ಕುತ್ತಿಗೆ.

"ಈಗಲೂ ದಿನಾ ಬೆಳಿಗ್ಗೆ ಧುಮುಕುತ್ತೀರಾ?" ಎಂದು ಕೇಳಿದಳು.

"ಬಿಡೋಕಾಗುತ್ತಾ! ಐದೂವರೆಗೆ ನಾನು ನೀರಲ್ಲಿಲ್ಲ ಅಂದರೆ, ಸತ್ತೆ ಅಂತ ತಿಳಿಯಿರಿ" ಎಂದು ನಕ್ಕ.

"ಆಗಲಿ" ಎಂದಳು. "ಮಾಡಿಕೊಡ್ತೀನಿ."

ಸುದ್ದಿ ತಿಳಿದ ನಾಗಮಣಿ ಸುಮ್ಮನಿರಲಿಲ್ಲ. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಆ ಕೊಳಕ್ಕೆ ಬೆಂಕಿ ಹಚ್ಚಿರ್ತಿದ್ದೆ. ನೀನು ಹೋಗಿ ಬಣ್ಣ ಬಳಿದು ಬರ್ತೀಯ!"

"ನೀರಿಗೆ ಬೆಂಕಿ ಹತ್ತೋದಿಲ್ಲ ನಾಗಮಣಿಯಕ್ಕ."

"ನೀನು ದೇವತೆಯೋ ಕಲ್ಲೋ, ನನಗಂತೂ ಗೊತ್ತಾಗ್ಲಿಲ್ಲ."

ಎರಡೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಉಪಾಯ ಅಷ್ಟರಲ್ಲಿ ತಲೆಯಲ್ಲಿ ಪೂರ್ತಿಯಾಗಿತ್ತು, ಮತ್ತು ಅದು ಅವಳು ಈವರೆಗೆ ಮಾಡಿದ ಎಲ್ಲ ಕೆಲಸಗಳಿಗಿಂತ ಅಚ್ಚುಕಟ್ಟಾಗಿತ್ತು. ವಿಷವಿಲ್ಲ, ಆಯುಧವಿಲ್ಲ. ನೀರಿನ ಆಳವನ್ನು ಕಣ್ಣಿಗೆ ಹೇಳುವುದು ನೀರಲ್ಲ, ತಳದ ಬಣ್ಣ. ಬೆಳ್ಳನೆಯ ತಳ ಹತ್ತಿರ ಕಾಣುತ್ತದೆ, ಕಡುನೀಲಿ ತಳ ದೂರ ಸರಿಯುತ್ತದೆ. ಒಂಬತ್ತಡಿಯ ತುದಿಯನ್ನು ನಾಲ್ಕೂವರೆ ಅಡಿಗೆ ಏರಿಸಿ, ಬಣ್ಣದಿಂದ ಅದನ್ನು ಕಣ್ಣಿಗೆ ಮತ್ತೆ ಒಂಬತ್ತಕ್ಕೆ ಇಳಿಸಬೇಕು. ಇಪ್ಪತ್ತು ವರ್ಷದ ಅಭ್ಯಾಸದ ಮೇಲೆ ತಲೆ ಕೆಳಗಾಗಿ ಧುಮುಕುವ ಭಾರದ ಮನುಷ್ಯನ ಕುತ್ತಿಗೆ ಮುರಿಯಲು ಅಷ್ಟು ಸಾಕು.

ಮೇ ಮೊದಲ ವಾರದಲ್ಲಿ ಸಾಹನಿ ಹೆಂಡತಿಯೊಂದಿಗೆ ಬದರಿ, ಕೇದಾರದ ಯಾತ್ರೆಗೆ ಹೊರಟ. ಬರುವುದು ಮೂವತ್ತೈದು ದಿನಕ್ಕೆ. ಕೊಳದ ಕೆಲಸಕ್ಕೆಂದು ಹೋಟೆಲು ಮುಚ್ಚಿತ್ತು. ಗೇಟಿನ ಕಾವಲುಗಾರ ಬೇವಿನ ಮರದ ನೆರಳು ಬಿಟ್ಟು ಬರುವವನಲ್ಲ. ವಸುಮತಿ ಸ್ಥಳೀಯರನ್ನು ಬಿಟ್ಟು ಬಂಗಾಳದ ಮಾಲ್ದಾದಿಂದ ಕೆಲಸದವರನ್ನು ಕರೆಸಿದಳು. ಮಾಲೀಕರಿಗೆ ಕೊಳ ಕಡಿಮೆ ಆಳದ್ದಾಗಬೇಕಂತೆ ಎಂದು ಅವರಿಗೆ ಹೇಳಿದಳು. ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಹೊಸ ಗಾರೆಗೆ ಬಿಸಿಲು ಬೀಳಬಾರದೆಂದು ಕೊಳದ ಮೇಲೆ ಉದ್ದಕ್ಕೂ ತಾಡಪಾಲು ಕಟ್ಟಿಸಿದಳು.

ಕೆತ್ತಿ ತೆಗೆದ ಹಳೆಯ ಗಾರೆ ಹೊರಗೆ ಹೋಗಲಿಲ್ಲ. ಅದೇ ಕಂದು ಚೂರುಗಳು, ಜೊತೆಗೆ ಇಟ್ಟಿಗೆ ತುಂಡು, ಕಾಂಕ್ರೀಟು ಸೇರಿ ಆಳದ ತುದಿಯನ್ನು ತುಂಬಿದವು. ಮಗಳು ಮಲಗಿದ್ದ ಜಾಗ ಮುಚ್ಚಿಹೋಗುವಾಗ ಅವಳು ದಂಡೆಯ ಮೇಲೆ ನಿಂತಿದ್ದಳು. ಕರಣೆ ಹಿಡಿದವನೊಬ್ಬ, "ದೀದಿ, ಧೂಳು ಕಣ್ಣಿಗೆ ಹೋಗ್ತಿದೆ, ದೂರ ನಿಲ್ಲಿ" ಎಂದ. ಅವಳು ದೂರ ನಿಂತಳು.

ಮೇಲಿನ ಹೊದಿಕೆಯ ಬಣ್ಣ ಮಾತ್ರ ಅವಳದೇ. ಬಕೆಟ್ಟಿನಿಂದ ಬಕೆಟ್ಟಿಗೆ ನೀಲಿಯನ್ನು ಚಮಚದ ಲೆಕ್ಕದಲ್ಲಿ ಏರಿಸುತ್ತ ಹೋದಳು: ಮೊದಲು ಹಾಲಿಗೆ ಹತ್ತಿರದ ನೀಲಿ, ಕೊನೆಗೆ ನೇರಳೆಹಣ್ಣಿನ ಬಣ್ಣ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಅವಳಿಗೇ ತೋರಿಸಲಾಗುತ್ತಿರಲಿಲ್ಲ. ತಳದ ಕಪ್ಪು ಪಟ್ಟೆಗಳನ್ನು ಆಳದ ಕಡೆ ಹೋದಂತೆ ಕಿರಿದಾಗಿಸಿದಳು, ದೂರ ಹೋದ ರಸ್ತೆ ಕಿರಿದಾಗಿ ಕಾಣುವ ಹಾಗೆ. ಕಬ್ಬಿಣದ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಕತ್ತರಿಸಿ ತೆಗೆಸಿದಳು. ದಂಡೆಯ ಮೇಲೆ ಮೂರರಿಂದ ಒಂಬತ್ತರವರೆಗಿನ ಹಳೆಯ ಆಳದ ಅಂಕಿಗಳನ್ನೇ ತಾನೇ ಕೂತು ಬರೆದಳು.

ಆಮೇಲೇನಾಗುತ್ತದೆ ಎಂಬುದೂ ಲೆಕ್ಕಕ್ಕೆ ಬಂದಿತ್ತು. ಧುಮುಕುವಾಗ ವಯಸ್ಸಾದವನಿಗೆ ಆಯ ತಪ್ಪಿತು ಎಂದು ಹನ್ನೊಂದು ಸಾಲು ಬರೆಯುತ್ತಾರೆ. ಆಗ ತಳವನ್ನು ನೋಡದವರು ಈಗ ಯಾಕೆ ನೋಡುತ್ತಾರೆ? ಸಾವಾದ ಕೊಳವನ್ನು ಒಡೆಸಿ ಹೊಸದು ಮಾಡಿಸುವುದಕ್ಕೆ ಮನೆಯವರು ಅವಳನ್ನೇ ಕರೆಯುತ್ತಾರೆ. ಆಗ ಪೂರ್ತಿ ಒಂಬತ್ತಡಿ ಆಳ, ಪೂರ್ತಿ ಬಿಳಿ. ಹೋಟೆಲು ಮುಚ್ಚಿರುವುದರಿಂದ ಬೇರೆ ಯಾರೂ ನೀರಿಗಿಳಿಯುವುದಿಲ್ಲ. ಬೆಳಿಗ್ಗೆ ಮೊದಲು ಇಳಿಯುವವನು ಎಂದಿಗೂ ಅವನೇ. ಕಾಶಿಯಲ್ಲಿ ಸತ್ತು ಅವನಿಗೂ ಮುಕ್ತಿ ಸಿಗುತ್ತದೆ ಎಂಬುದೊಂದೇ ಅವಳಿಗೆ ಕಹಿಯಾಗಿತ್ತು.

ಮಾಲ್ದಾದವರು ರೈಲು ಹತ್ತಿದರು. ನಡುವೆ ನಿಲ್ಲಿಸಿದರೆ ಗೋಡೆಗೆ ಗೆರೆ ಬೀಳುತ್ತದೆಂದು ಟ್ಯಾಂಕರ್‌ಗಳ ಸಾಲು ಕಡಿಯದಂತೆ ನೋಡಿಕೊಂಡು ಒಂದೇ ಸಮನೆ ಕೊಳ ತುಂಬಿಸಿದಳು. ಹೊಸ ಗಾರೆ ಬಿಡುವ ಸುಣ್ಣದ ಧೂಳನ್ನು ದಂಡೆಯಿಂದಲೇ ಉದ್ದ ಕೋಲಿನ ಬ್ರಷ್ಷಿನಿಂದ ವಾರವಿಡೀ ತಿಕ್ಕಿ ತೆಗೆದಳು. ಯಾತ್ರೆಯಿಂದ ಬಂದ ಸಾಹನಿಗೆ, ತಾನು ಹೇಳುವವರೆಗೆ ನೀರು ಮುಟ್ಟಬಾರದೆಂದಳು. ಜೂನ್ ಹದಿನೆಂಟರ ಸಂಜೆ ಫೋನ್ ಮಾಡಿ, "ನೀರು ತಯಾರಾಗಿದೆ" ಎಂದಳು.

"ಹಾಗಾದರೆ ನಾಳೆ ಬೆಳಿಗ್ಗೆ ಐದಕ್ಕೆ ನೀವು ಬರಬೇಕು. ಪ್ರೊಫೆಸರ್ ಸಾಬ್ ಕೂಡ" ಎಂದ ಸಾಹನಿ.

ಅವಳು ಯೋಚಿಸಿ ನೋಡಿದಳು. ಎದುರಿಗೇ ಇದ್ದು ಚೀರಿದವಳ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಗಂಡ ಬರಲಾರ ಎಂದುಕೊಂಡಿದ್ದಳು, ಚಿದಾನಂದ ಬಂದ. ಸೈಕಲ್ ರಿಕ್ಷಾ ಭೇಲೂಪುರ ದಾಟಿದಾಗ ರಿಕ್ಷಾದವನ ಬೆನ್ನನ್ನು ನೋಡುತ್ತ ಹೇಳಿದ:

"ಹಗ್ಗ ದಾಟಿ ಈಜು, ಹೆದರ್ಬೇಡ ಅಂತ ಅವಳಿಗೆ ಹೇಳಿದ್ದು ನಾನು, ವಸು. ಅದರ ಹಿಂದಿನ ಭಾನುವಾರ."

ರಿಕ್ಷಾ ಗುಂಡಿಯಲ್ಲಿ ಇಳಿದು ಎದ್ದಿತು.

"ನಾಲ್ಕು ವರ್ಷ ಯಾಕ್ರೀ ಹೇಳಲಿಲ್ಲ?"

"ನೀನು ಕ್ಷಮಿಸಿಬಿಡ್ತಿದ್ದೆ. ಅದು ಬೇಡವಾಗಿತ್ತು."

ತನ್ನದನ್ನೂ ಹೇಳಿಬಿಡಲೇ ಎಂದು ಅವಳಿಗೆ ಅನಿಸಿತು. ನಾನು ನೋಡಿದ್ದೆ ಕಣ್ರೀ, ನೋಡಿ ಕಲೆ ಅಂದುಕೊಂಡೆ. ಅಷ್ಟರಲ್ಲಿ ಹೋಟೆಲಿನ ಗೇಟು ಬಂತು. ವಾಪಸು ತಿರುಗಿಸು ಎಂದು ರಿಕ್ಷಾದವನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಬೆಳಕು ಈಗಷ್ಟೇ ಹರಿಯುತ್ತಿತ್ತು. ಕೊಳ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಆಳದ ತುದಿ ಬಾವಿಯಂತೆ ಕತ್ತಲಾಗಿ ಕಾಣುತ್ತಿತ್ತು. ಸೊಂಟಕ್ಕೆ ಟವೆಲು ಸುತ್ತಿದ್ದ ಸಾಹನಿ ದಂಡೆಯ ಮೇಲೆ ಅಗರಬತ್ತಿ ಹಚ್ಚಿ ಎದ್ದ. "ಬೆಹೆನ್‌ಜಿ, ಇದು ಕೊಳವಲ್ಲ, ಗಂಗೆ ಬಂದು ಕೂತಿದಾಳೆ" ಎಂದು ಟವೆಲು ಬಿಚ್ಚಿಟ್ಟು, ತುದಿಗೆ ಬಂದು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿದ. ವಸುಮತಿಯ ಬಾಯಿ ತೆರೆಯಿತು. ಕೂಗುವುದಕ್ಕೋ ಸುಮ್ಮನೆ ಉಸಿರೆಳೆಯುವುದಕ್ಕೋ, ಅದು ಅವಳಿಗೆ ಎಂದೂ ಗೊತ್ತಾಗಲಿಲ್ಲ. ಅವನು ಎತ್ತಿದ ಕೈಗಳನ್ನು ಹಾಗೇ ಜೋಡಿಸಿ ಪೂರ್ವಕ್ಕೆ ನಮಸ್ಕರಿಸಿ, ಹಿಂದೆ ಸರಿದು, ಏಣಿಯ ಕಡೆ ಕೈ ತೋರಿದ.

"ಇಳೀರಿ ಬೆಹೆನ್‌ಜಿ."

"ನಾನಾ?"

"ಮತ್ತೆ? ನಮ್ಮ ಮನೆಯಲ್ಲಿ ಹೊಸ ದೋಣಿ ನೀರಿಗೆ ಬಿಟ್ಟರೆ ಅದನ್ನು ಕಟ್ಟಿದ ಬಡಗಿಯೇ ಮೊದಲು ಹತ್ತಬೇಕು. ಅವನು ಹತ್ತಿ ಇಳಿಯುವವರೆಗೆ ಯಜಮಾನ ಕಾಲಿಡುವ ಹಾಗಿಲ್ಲ. ನಮ್ಮಜ್ಜನ ಕಾಲದಿಂದ ಹೀಗೇ."

"ನನಗೆ ಈಜು ಬರಲ್ಲ ಭಾಯಿಸಾಬ್."

"ಹಾಗಾದರೆ ಪ್ರೊಫೆಸರ್ ಸಾಬ್ ಧುಮುಕಲಿ. ಗಂಡ ಹೆಂಡಿರು ಬೇರೆಯಾ?"

ಚಿದಾನಂದ ಆಗಲೇ ಚಪ್ಪಲಿ ಬಿಟ್ಟಿದ್ದ. ಹುಡುಗನಾಗಿದ್ದಾಗ ತುಂಗಭದ್ರೆಗೆ ಸೇತುವೆಯಿಂದ ಹಾರುತ್ತಿದ್ದವನು. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟ. "ಅವಳು ಕೊನೆಗೆ ಇದ್ದ ಜಾಗ, ವಸು. ನಾನೊಂದು ಸಲ ಕೆಳಗೆ ಹೋಗಿ ಮುಟ್ಟಿ ಬರ್ತೀನಿ" ಎಂದು ಕಣ್ಣು ಒರೆಸಿಕೊಂಡು, ದಂಡೆಯ ತುದಿಗೆ ನಡೆದು ಮೊಣಕಾಲು ಬಗ್ಗಿಸಿದ.

ಅವಳು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಬೇಡ, ನಾನೇ ಇಳೀತೀನಿ ಎಂದಳು. ಪೊಲೀಸರು, ಕೆಲಸದವರು, ಕಾವಲುಗಾರ, ಬೆಳಗಿನ ಬೆಳಕು, ಮನುಷ್ಯನ ಕುತ್ತಿಗೆ, ಎಲ್ಲವನ್ನೂ ಎಣಿಸಿದ್ದವಳಿಗೆ ಒಂದು ದೋಣಿಯವರ ಮನೆಯಲ್ಲಿ ಕೆಲಸ ಮಾಡಿದ ಕೈಗೆ ಇಷ್ಟೊಂದು ಮರ್ಯಾದೆ ಇದ್ದೀತು ಎಂಬುದು ಮಾತ್ರ ಹೊಳೆದಿರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿ ಹಿಡಿದು, ಗಂಡನ ಕಡೆ ಮುಖ ಮಾಡಿ ಇಳಿದಳು. ಸಾಹನಿ ಕೈ ಮುಗಿದು ಏನೋ ಜಪಿಸುತ್ತಿದ್ದ. ಮೂರನೆಯ ಮೆಟ್ಟಿಲು ಮುಗಿಯಿತು, ಕಾಲು ನೆಲಕ್ಕೆ ತಾಗಿತು, ಕೈ ಏಣಿಯನ್ನು ಬಿಟ್ಟಿತು. ಜಪ ನಿಂತಿತು. ಚಿದಾನಂದ ಮೊದಲು ದಂಡೆಯ ಮೇಲಿನ ಅಂಕಿಯನ್ನು, ಆಮೇಲೆ ಅವಳನ್ನು ನೋಡಿದ. ಈಜು ಬಾರದ ವಸುಮತಿ, ಕೊಳದ ಅತಿ ಆಳದ ತುದಿಯಲ್ಲಿ, ಭುಜದವರೆಗಿನ ನೀರಿನಲ್ಲಿ, ನೆಟ್ಟಗೆ ನಿಂತಿದ್ದಳು.