ಖಾಲಿ ಪಂಜರದವನು

"ಇಳಿ ಕೆಳಗೆ," ಎಂದಳು ದುಲಾರಿ.

ಸುರುಜ್ ಸುತ್ತ ನೋಡಿದ. ಅವಳು ನಡೆಸುತ್ತಿದ್ದ ದೋಣಿ ಕ್ಯಾರೊನಿ ಜೌಗುಕಾಡಿನ ಕಾಲುವೆಯ ನಟ್ಟನಡುವೆ ನಿಂತಿತ್ತು. ಎರಡೂ ಕಡೆ ಕಾಂಡ್ಲಾ ಮರಗಳ ಬೇರು, ಬೇರಿನ ಮೇಲೆ ಏಡಿ. ಇಳಿಯುವುದಾದರೂ ಎಲ್ಲಿಗೆ?

ಬೆಂಚಿನಡಿ ಬಟ್ಟೆ ಮುಚ್ಚಿ ಅಡಗಿಸಿಟ್ಟಿದ್ದ ಅವನ ಪಂಜರ ಈಗ ಅವಳ ಕೈಯಲ್ಲಿತ್ತು. ಒಳಗೆ ಹಕ್ಕಿ ಇದ್ದಿದ್ದರೆ ಅವಳು ಚಕಾರ ಎತ್ತುತ್ತಿರಲಿಲ್ಲ. ಟ್ರಿನಿಡಾಡಿನ ಗಂಡಸರು ಹಾಡಿ ಗೆಲ್ಲುವ ಸಿಳ್ಳೆಪಂದ್ಯದ ಹಕ್ಕಿಗೆ ಗಾಳಿ ತೋರಿಸಲು ಪಂಜರ ಹಿಡಿದು ಕ್ಷೌರದಂಗಡಿಗೂ ಹೋಗುತ್ತಾರೆ, ಮದುವೆಮನೆಗೂ ಹೋಗುತ್ತಾರೆ. ಹೋದ ತಿಂಗಳು ಇವನೂ ಹಕ್ಕಿಯೊಡನೆಯೇ ಅವಳ ದೋಣಿ ಹತ್ತಿದ್ದ. ಆದರೆ ಖಾಲಿ ಪಂಜರ? ಅದನ್ನು ಕಾಡಿಗೆ ತರುವವನು ಹಕ್ಕಿಗಳ್ಳನೇ!

ಅಂದಿನಿಂದ ಈ ಹಾಳಾದವನ ನಗು ಕಣ್ಣೆದುರೇ ಸುಳಿಯುತ್ತಿತ್ತಲ್ಲ... ಆ ಸಿಟ್ಟೂ ಸೇರಿಕೊಂಡಿತು. ದಡ ಮುಟ್ಟಿದೊಡನೆ ಕಾವಲುಗಾರನಿಗೆ ಒಪ್ಪಿಸುವೆನೆಂದಳು.

ಹಕ್ಕಿಯನ್ನು ಹಾರಲು ಬಿಟ್ಟುಬಿಟ್ಟೆ ಎಂದು ಸುರುಜ್ ತೊದಲಿದ. ಹೆಂಡತಿಯನ್ನಾದರೂ ಬಿಟ್ಟಾನು, ಪಂದ್ಯದ ಹಕ್ಕಿಯನ್ನು ಯಾವ ಗಂಡಸು ಬಿಡುತ್ತಾನೆ ಎಂದು ಅವಳು ಮೂದಲಿಸಿದಳು.

ಹಿಂದೆ ಕೂತು ಕಡಲೆ ಮೆಲ್ಲುತ್ತಿದ್ದ, ಎಲ್ಲರೂ ಟ್ಯಾಂಟಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಸುಮಿಂತ್ರಾ ಅವನ ಪಕ್ಕದ ಮನೆಯಾಕೆ. ಆಕೆಗೆ ಇನ್ನು ತಡೆಯಲಾಗಲಿಲ್ಲ.

"ಬಿಟ್ಟಿರೋದು ನಿಜ ಕಣೇ ಹುಡುಗಿ. ಆ ಪಿಶಾಚಿ ಹಕ್ಕಿ ಎಲ್ಲೂ ಹೋಗಿಲ್ಲ, ನಮ್ಮನೆ ಬಟ್ಟೆ ಹಗ್ಗದ ಮೇಲೇ ಕೂತಿರತ್ತೆ. ಒಗೆದಿದ್ದನ್ನೆಲ್ಲ ಮತ್ತೆ ಒಗೀತಿದೀನಿ. ಊರೋರು ಇವನಿಗೆ ಹುಚ್ಚು ಅಂತಿದಾರೆ."

ದೋಣಿಯೆಲ್ಲ ನಕ್ಕಿತು. ಸುರುಜ್‌ನ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಎಲ್ಲರೂ ನೋಡಲು ಬಂದಿದ್ದ ಕೆಂಪು ಕೊಕ್ಕರೆಗಳ ಹಿಂಡು ಮರಗಳಿಗೆ ಮರಳತೊಡಗಿತು. ಎಲ್ಲರ ಕತ್ತೂ ಮೇಲೆದ್ದಿತು, ದುಲಾರಿಯದೊಂದನ್ನು ಬಿಟ್ಟು.

"ಯಾಕೆ ಬಿಟ್ಟೆ?" ಮೆಲ್ಲಗೆ ಕೇಳಿದಳು.

"ಅವತ್ತು ನೀನೇ ಹೇಳಿದ್ದೆ... ಗಂಡು ಹಕ್ಕಿ ಹಾಡೋದು ಜೊತೆಗಾತೀನ ಕರೆಯೋಕೆ, ಪಂಜರದಲ್ಲಿ ಅದು ಯಾರನ್ನ ಕರೀಬೇಕು ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟಿದೀನಿ ಅಂತ ನಿಂಗೆ ತೋರಿಸೋಕೆ ಖಾಲಿ ಪಂಜರ ತಂದೆ. ಇಷ್ಟು ಜನ ನೋಡಿ ನಾಚಿಕೆಯಾಯ್ತು, ಬೆಂಚಿನ ಕೆಳಗೆ ತಳ್ಳಿದೆ."

"ನಿದ್ದೆ ಕೆಟ್ಟಿದ್ದು ಹಕ್ಕಿಗೋಸ್ಕರಾನಾ?"

"ಅರ್ಧ."

ಉಳಿದರ್ಧ ಯಾರಿಗೋಸ್ಕರವೆಂದು ಅವಳು ಕೇಳಲಿಲ್ಲ. ಪಂಜರವನ್ನು ಅವನ ತೊಡೆಯ ಮೇಲಿಟ್ಟು, ಇನ್ನು ಪಂದ್ಯವಿಲ್ಲದ ಭಾನುವಾರಗಳಲ್ಲಿ ಏನು ಮಾಡುವೆ ಎಂದಳು. ಇಲ್ಲಿಗೇ ಬರುವೆನೆಂದ.

"ಭಾನುವಾರ ದೋಣಿ ಬಿಡಲ್ಲ. ಮನೆಗೆ ಬಾ, ಅಮ್ಮ ದಾಲ್‌ಪುರಿ ಮಾಡ್ತಾಳೆ."

"ಏನು ತರಲಿ?"

"ಏನೂ ಬೇಡ. ಎರಡು ಕೈನೂ ಖಾಲಿ ಇಟ್ಕೊಂಡು ಬಾ," ಎಂದಳು ದುಲಾರಿ. "ಹಿಡ್ಕೊಳ್ಳೋಕೆ ನಂಗೊಂದು ಬೇಕು."